ಮೇಡಂ ಎದುರು ಸರಾಗ, ಕಂಡಕ್ಟರ್ ಎದುರು ಉಗ್ಗು

ಪ್ರಶ್ನೆ: ನನಗೆ 27 ವರ್ಷ. ಊರು ಕಡೂರು, ಕೆಲಸ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ. ಐದನೆಯ ವಯಸ್ಸಿನಿಂದ ಉಗ್ಗು ಇದೆ. ಏಳು ತಿಂಗಳಿಂದ ವಾರಕ್ಕೊಮ್ಮೆ ಸ್ಪೀಚ್ ಥೆರಪಿಗೆ ಹೋಗುತ್ತಿದ್ದೇನೆ. ಥೆರಪಿಸ್ಟ್ ಮೇಡಂ ತುಂಬಾ ಒಳ್ಳೆಯವರು, ತಾಳ್ಮೆಯಿಂದ ಕಲಿಸುತ್ತಾರೆ. ಅವರ ಕೊಠಡಿಯಲ್ಲಿ ನಾನು ಬಹುತೇಕ ಉಗ್ಗುವುದೇ ಇಲ್ಲ. ಹೊರಗೆ ಬಂದ ಕೂಡಲೇ ಎಲ್ಲವೂ ಮೊದಲಿನಂತೆಯೇ. ಊರಿಗೆ ಹೋಗುವಾಗ ಬಸ್ಸಿನಲ್ಲಿ ‘ಕಡೂರು’ ಎನ್ನಲಾಗದೆ, ಅದರ ಮುಂದಿನ ಬೀರೂರಿಗೆ ಟಿಕೆಟ್ ತೆಗೆದುಕೊಂಡು ಕಡೂರಿನಲ್ಲಿ ಇಳಿಯುತ್ತೇನೆ. ಇದನ್ನು ಮೇಡಂಗೆ ಹೇಳಿಲ್ಲ. ಅಷ್ಟು ಶ್ರಮಪಡುತ್ತಿರುವವರಿಗೆ ಬೇಸರವಾದೀತು ಎಂಬ ಸಂಕೋಚ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಅಷ್ಟರೊಳಗೆ ಸರಿಹೋಗಲಿ ಎಂಬುದು ಅಮ್ಮನ ಆಸೆ. ತಪ್ಪು ನನ್ನದೋ, ಚಿಕಿತ್ಸೆಯದೋ? ಬೇರೆ ಥೆರಪಿಸ್ಟ್ ಬಳಿ ಹೋಗಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ತಡೆದು ನಿಂತದ್ದು ಬೀರೂರಿನ ಟಿಕೆಟ್ಟಿನ ಬಳಿ. ನಿಮ್ಮ ಉಗ್ಗಿನ ಬಗ್ಗೆ ನಿಮ್ಮ ಥೆರಪಿಸ್ಟ್ ತಿಳಿದಿರಲೇಬೇಕಾದ ಸಂಗತಿ ಅದು. ಅದನ್ನು ಗುರುತು ಪರಿಚಯವಿಲ್ಲದ ನನಗೆ ಬರೆದಿದ್ದೀರಿ, ಏಳು ತಿಂಗಳಿಂದ ವಾರವಾರವೂ ಎದುರು ಕೂರುವವರಿಗೆ ಹೇಳಿಲ್ಲ. ಅವರ ಕಣ್ಣಿಗೆ ಬೀಳುತ್ತಿರುವುದು ಉಗ್ಗದ ಒಬ್ಬ ಯುವಕ. ಉಗ್ಗುವವನನ್ನು ನೀವು ಬಾಗಿಲ ಹೊರಗೇ ನಿಲ್ಲಿಸಿ ಒಳಗೆ ಹೋಗುತ್ತಿದ್ದೀರಿ. ಹಾಗಿರುವಾಗ ಅವರು ಯಾರಿಗೆ ಚಿಕಿತ್ಸೆ ಕೊಡಬೇಕು?

ತಪ್ಪು ಯಾರದು ಎಂದು ಕೇಳಿದ್ದೀರಿ. ಯಾರದೂ ಅಲ್ಲ. ಆದರೆ ನಿಮ್ಮಿಬ್ಬರ ನಡುವೆ ಒಂದು ಮಾತು ಬಾಕಿ ಇದೆ. ಅದು ಆಗುವವರೆಗೆ ಥೆರಪಿಸ್ಟ್ ಬದಲಾಯಿಸುವ ವಿಚಾರವನ್ನು ಮುಂದಕ್ಕೆ ಹಾಕಿ. ಯಾಕೆಂದು ಹೇಳುತ್ತೇನೆ.

ಮೊದಲು, ಕೊಠಡಿಯೊಳಗೆ ಮಾತು ಸರಾಗವಾಗುವುದು ಏಕೆ? ಅದು ನಟನೆಯಲ್ಲ, ನೀವು ಯಾರಿಗೂ ಮೋಸ ಮಾಡುತ್ತಿಲ್ಲ. ಉಗ್ಗಿನ ಸ್ವಭಾವವೇ ಹಾಗೆ. ಉಗ್ಗುವವರಲ್ಲಿ ಹೆಚ್ಚಿನವರು ಹಾಡುವಾಗ ಉಗ್ಗುವುದಿಲ್ಲ. ಹತ್ತು ಜನರ ಜೊತೆ ದನಿಗೂಡಿಸಿ ಪ್ರಾರ್ಥನೆ ಹೇಳುವಾಗ ಉಗ್ಗುವುದಿಲ್ಲ. ಒಬ್ಬರೇ ಇದ್ದಾಗ, ಮನೆಯ ನಾಯಿಯ ಜೊತೆ, ತೊಟ್ಟಿಲ ಮಗುವಿನ ಜೊತೆ ಮಾತನಾಡುವಾಗ ಉಗ್ಗುವುದಿಲ್ಲ. ಕೇಳುವವರು ಬದಲಾದರೆ, ಆತುರ ಹೆಚ್ಚಿದರೆ, ಹೇಳಲೇಬೇಕಾದ ಪದ ಒಂದೇ ಒಂದು ಇದ್ದರೆ, ಉಗ್ಗು ಬಂದು ಕೂರುತ್ತದೆ. ತಮ್ಮ ಹೆಸರು ಹೇಳುವಾಗಲೇ ಅನೇಕರಿಗೆ ತಡೆ ಬರುವುದು ಇದೇ ಕಾರಣಕ್ಕೆ. ಹೆಸರಿಗೆ ಸಮಾನಾರ್ಥಕ ಪದವಿಲ್ಲ. ನಿಮ್ಮ ಮೇಡಂ ಕೊಠಡಿಯಲ್ಲಿ ಕಾಯುವ ಜನರಿಲ್ಲ, ಕೇಳುವವರ ಮುಖದಲ್ಲಿ ಅವಸರವಿಲ್ಲ. ಕುರ್ಚಿಯಲ್ಲಿ ಕೂತ ಕ್ಷಣದಿಂದಲೇ ನೀವು ಕಲಿತ ಎಳೆದು ಮಾತನಾಡುವ ವಿಧಾನ, ಉಸಿರು ಬಿಡುತ್ತಾ ಹಗುರವಾಗಿ ಪದ ಆರಂಭಿಸುವ ವಿಧಾನ ಎಲ್ಲವೂ ತಾನಾಗಿ ಚಾಲೂ ಆಗುತ್ತವೆ. ಕಂಡಕ್ಟರ್ ಮುಂದೆ ಹಾಗಲ್ಲ. ಬಸ್ಸು ಓಲಾಡುತ್ತಿರುತ್ತದೆ, ಅವರ ಬೆರಳು ಟಿಕೆಟ್ ಯಂತ್ರದ ಮೇಲಿರುತ್ತದೆ, ಹಿಂದಿನ ಸೀಟಿನವರು ಆಗಲೇ ನೋಟು ಚಾಚಿರುತ್ತಾರೆ. ಉತ್ತರ ಕೊಡಲು ಇರುವುದು ಎರಡು ಮೂರು ಸೆಕೆಂಡು. ‘ಬೀರೂರು’ ಬಾಯಿಗೆ ಬರುತ್ತದೆ, ‘ಕಡೂರು’ ಬರುವುದಿಲ್ಲ. ನಾಲ್ಕು ಕಾಸು ಹೆಚ್ಚು ಕೊಟ್ಟು ಪಾರಾಗುತ್ತೀರಿ.

ಆದ್ದರಿಂದ ಒಳಗೆ ಸರಾಗ, ಹೊರಗೆ ಉಗ್ಗು ಎಂಬುದು ಚಿಕಿತ್ಸೆ ಸೋತಿರುವುದರ ಲಕ್ಷಣವಲ್ಲ. ಅರ್ಧ ಕೆಲಸ ಇನ್ನೂ ಶುರುವಾಗಿಲ್ಲ ಎನ್ನುವುದರ ಲಕ್ಷಣ. ಕೊಠಡಿಯಲ್ಲಿ ಕಲಿತದ್ದನ್ನು ಹೊರಗೆ ಒಯ್ಯುವುದೇ ವಯಸ್ಕರ ಚಿಕಿತ್ಸೆಯಲ್ಲಿ ಅತ್ಯಂತ ಕಷ್ಟದ ಭಾಗ. ಇದು ಪ್ರತಿಯೊಬ್ಬ ವಾಕ್ ಚಿಕಿತ್ಸಕರಿಗೂ ಗೊತ್ತಿರುವ ಮಾತು, ನಿಮ್ಮ ಮೇಡಂಗೂ ಗೊತ್ತಿರುತ್ತದೆ. ಹೊರಗೆ ಏನಾಗುತ್ತಿದೆ ಎಂಬುದು ಮಾತ್ರ ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ಇನ್ನು ಸಂಕೋಚದ ವಿಷಯ. ಪ್ರತಿ ಸಲ ಎದ್ದು ಹೊರಡುವಾಗ ಅವರು, “ಇವತ್ತು ತುಂಬಾ ಚೆನ್ನಾಗಿ ಮಾತನಾಡಿದಿರಿ” ಎನ್ನುತ್ತಿರಬಹುದು. ಒಳ್ಳೆಯ ಮಾತೇ. ಆದರೆ ಅದನ್ನು ವಾರವಾರವೂ ಕೇಳಿದವರ ತಲೆಯಲ್ಲಿ ಒಂದು ಲೆಕ್ಕ ಕೂರುತ್ತದೆ: ಉಗ್ಗದಿದ್ದರೆ ಮೇಡಂಗೆ ಸಂತೋಷ, ಉಗ್ಗಿದರೆ ಬೇಸರ. ಮುಂದಿನ ವಾರ ಕಷ್ಟದ ಪದ ಬಂದಾಗ ಅದರ ಬದಲು ಇನ್ನೊಂದನ್ನು ಹಾಕುತ್ತೀರಿ, ವಾಕ್ಯವನ್ನು ಅರ್ಧಕ್ಕೆ ತಿರುಗಿಸುತ್ತೀರಿ, ಯೋಚಿಸುತ್ತಿರುವವರಂತೆ “ಅದು… ಏನೆಂದರೆ…” ಎನ್ನುತ್ತೀರಿ. ಹೊರಗೆ ಮಾಡುವ ಮರೆಮಾಚುವಿಕೆಯೇ ಚಿಕಿತ್ಸೆಯ ಕೊಠಡಿಗೂ ಬಂದಂತಾಯಿತು. ಮುಂದಿನ ಭೇಟಿಯಲ್ಲಿ ಒಮ್ಮೆ ನಿಮ್ಮನ್ನೇ ಗಮನಿಸಿಕೊಳ್ಳಿ: ಕ ಅಕ್ಷರದ ಎಷ್ಟು ಪದಗಳನ್ನು ಬಿಟ್ಟು ದಾಟಿದಿರಿ? ಮರೆಮಾಚುವುದರಲ್ಲಿ ಎಲ್ಲರಿಗಿಂತ ನಿಪುಣರಾದವರೇ ಥೆರಪಿ ಕೊಠಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊಗಳಿಸಿಕೊಳ್ಳುವ ವಿಪರ್ಯಾಸ ನಮ್ಮ ವೃತ್ತಿಯಲ್ಲಿದೆ. ಚಿಕಿತ್ಸೆಗೆ ಬಂದವರು ಉಗ್ಗದಿರುವುದನ್ನು ನೋಡಿದರೆ ಚಿಕಿತ್ಸಕರಿಗೂ ಸಮಾಧಾನ, ಅವರೂ ಮನುಷ್ಯರೇ.

ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ಸಮುದ್ರದಲ್ಲಿ ತೇಲುವ ಹಿಮಗಡ್ಡೆಗೆ ಹೋಲಿಸಿದ್ದರು. ಮೇಲೆ ಕಾಣುವುದು ಪದ ತಡೆಯುವುದು, ಅಕ್ಷರ ಮರುಕಳಿಸುವುದು. ನೀರಿನೊಳಗೆ ಮುಳುಗಿರುವ ಬಹುಪಾಲು ಭಯ, ನಾಚಿಕೆ, ತಪ್ಪಿಸಿಕೊಳ್ಳುವ ಉಪಾಯಗಳು. ಶೀಹನ್ ಸ್ವತಃ ಉಗ್ಗುತ್ತಿದ್ದವರು. ಅವರಿಗಿಂತ ಹಿರಿಯರಾದ ಚಾರ್ಲ್ಸ್ ವ್ಯಾನ್ ರೈಪರ್, ವೆಂಡೆಲ್ ಜಾನ್ಸನ್ ಕೂಡ ಉಗ್ಗುತ್ತಿದ್ದವರೇ. ಅಮೆರಿಕದಲ್ಲಿ ಈ ಚಿಕಿತ್ಸೆಗೆ ಅಡಿಪಾಯ ಹಾಕಿದವರಲ್ಲಿ ಹಲವರು ತಮ್ಮದೇ ನಾಲಿಗೆಯ ತೊಂದರೆಯಿಂದ ಈ ವಿದ್ಯೆಗೆ ಬಂದವರು ಎನ್ನುವುದು ಸಣ್ಣ ಮಾತಲ್ಲ. ನಿಮ್ಮ ಬೀರೂರಿನ ಟಿಕೆಟ್ ಇರುವುದು ನೀರಿನೊಳಗೆ. ನೀವು ಅಲ್ಲಿ ಉಗ್ಗಲೇ ಇಲ್ಲ, ಕಂಡಕ್ಟರಿಗೆ ಅನುಮಾನವೂ ಬರಲಿಲ್ಲ. ಆದರೂ ಆ ಪ್ರಯಾಣದಲ್ಲಿ ಗೆದ್ದದ್ದು ಉಗ್ಗೇ.

ಚಿಕಿತ್ಸಕರ ಮತ್ತು ಚಿಕಿತ್ಸೆಗೆ ಬಂದವರ ಸಂಬಂಧವನ್ನು ಅಳೆಯಲು ಎಡ್ವರ್ಡ್ ಬಾರ್ಡಿನ್ ಎಂಬ ಮನಶ್ಶಾಸ್ತ್ರಜ್ಞ 1979ರಲ್ಲಿ ಮೂರು ಅಂಶಗಳನ್ನು ಮುಂದಿಟ್ಟರು. ಗುರಿ ಏನೆಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆಯೇ? ಆ ಗುರಿಗಾಗಿ ಮಾಡುತ್ತಿರುವ ಕೆಲಸ ಸರಿಯಾದದ್ದು ಎಂದು ಇಬ್ಬರಿಗೂ ಅನ್ನಿಸಿದೆಯೇ? ನಡುವೆ ವಿಶ್ವಾಸವಿದೆಯೇ? ಅವರು ಹೇಳಿದ್ದು ಮನೋಚಿಕಿತ್ಸೆಯ ಬಗ್ಗೆ. ಉಗ್ಗಿನ ಚಿಕಿತ್ಸೆಗೂ ಅದು ಅಷ್ಟೇ ಹೊಂದುತ್ತದೆ. ನಿಮ್ಮ ವಿಷಯದಲ್ಲಿ ಮೂರನೆಯದಕ್ಕೆ ಕೊರತೆಯಿಲ್ಲ. ಹಾಗೆ ನೋಡಿದರೆ ತುಸು ಹೆಚ್ಚೇ ಆಗಿದೆ: ಅವರ ಮೇಲಿನ ಗೌರವವೇ ನಿಮ್ಮ ಬಾಯಿ ಕಟ್ಟಿದೆ. ಮೊದಲನೆಯದು ಮಾತ್ರ ಇತ್ಯರ್ಥವಾಗಿಲ್ಲ. ಅಮ್ಮನ ಗುರಿ ಮದುವೆಯೊಳಗೆ ಉಗ್ಗು ಹೋಗಬೇಕು. ಮೇಡಂ ಗುರಿ, ನಾನು ಊಹಿಸುವಂತೆ, ಸರಾಗ ಮಾತು. ನಿಮ್ಮ ಗುರಿ ಏನು? ಇಡೀ ಪತ್ರದಲ್ಲಿ ಅದು ಎಲ್ಲೂ ಇಲ್ಲ.

ನಮ್ಮಲ್ಲಿ ಬಿಳಿ ಕೋಟು ಹಾಕಿದವರ ಎದುರು “ಇದರಿಂದ ಉಪಯೋಗವಾಗುತ್ತಿಲ್ಲ” ಎನ್ನುವ ರೂಢಿಯೇ ಇಲ್ಲ. ತಲೆಯಾಡಿಸಿ ಬರುತ್ತೇವೆ, ಆಮೇಲೆ ಹೋಗುವುದನ್ನೇ ನಿಲ್ಲಿಸುತ್ತೇವೆ, ಫೋನ್ ಬಂದರೆ ಎತ್ತುವುದಿಲ್ಲ. ಉಗ್ಗಿನ ಚಿಕಿತ್ಸೆಗಳು ಮುಗಿಯುವುದು ಬಹಳ ಸಲ ಹೀಗೆಯೇ. ಬೇರೆ ಕಾಯಿಲೆಗಳಲ್ಲಿ ವೈದ್ಯರು ಹೇಳಿದಂತೆ ಮಾತ್ರೆ ನುಂಗಿದರೆ ರೋಗಿಯ ಅಭಿಪ್ರಾಯ ಏನಿದ್ದರೂ ಮಾತ್ರೆ ತನ್ನ ಕೆಲಸ ಮಾಡುತ್ತದೆ. ಉಗ್ಗಿಗೆ ಅಂತಹ ಮಾತ್ರೆ ಇಲ್ಲ. ಒಳಗಿನ ವಿಷಯವನ್ನು ಹೇಳಿಕೊಳ್ಳುವುದು, ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನುವುದು ಇಲ್ಲಿ ಚಿಕಿತ್ಸೆಯ ಭಾಗವೇ. ಎದುರಿನವರಿಗೆ ಇಷ್ಟವಾಗದ ಮಾತನ್ನು ಉಗ್ಗುತ್ತಲೇ ಹೇಳಿ ಮುಗಿಸುವುದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ.

ಈ ಸಂಬಂಧದ ಬಗ್ಗೆ ಮಾತು ಬಂದಾಗ ಎಲ್ಲರೂ ನೆನೆಯುವ ಜೋಡಿ ಉಗ್ಗುತ್ತಿದ್ದ ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಮತ್ತು ಅವರ ವಾಕ್ ಚಿಕಿತ್ಸಕ ಲಯೊನೆಲ್ ಲೋಗ್. 1926ರಲ್ಲಿ, ಇನ್ನೂ ಡ್ಯೂಕ್ ಆಫ್ ಯಾರ್ಕ್ ಆಗಿದ್ದಾಗ, ಜಾರ್ಜ್ ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿದ್ದ ಲೋಗ್ ಅವರ ಕೊಠಡಿಗೆ ಬಂದರು. ಆಸ್ಟ್ರೇಲಿಯಾದಿಂದ ಬಂದಿದ್ದ ಲೋಗ್ ಅವರಿಗೆ ವೈದ್ಯಕೀಯ ಪದವಿ ಇರಲಿಲ್ಲ. ರಾಜಕುಮಾರನಾದರೂ ಚಿಕಿತ್ಸೆಗೆ ತಮ್ಮಲ್ಲಿಗೇ ಬರಬೇಕು ಎಂಬುದು ಅವರ ನಿಲುವು. ಅಂತಸ್ತನ್ನು ಬಾಗಿಲಲ್ಲೇ ಬಿಡಿಸಿದ್ದು ಅವರ ಜಾಣತನ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸ್ನೇಹದ ಭಾಗವನ್ನಷ್ಟೇ ಹೇಳುತ್ತಾರೆ. ನನಗೆ ಕುತೂಹಲ ಇರುವುದು ಉಳಿದದ್ದರಲ್ಲಿ. ಲೋಗ್ ಭಾಷಣದ ಪ್ರತಿಯನ್ನು ಮೊದಲೇ ಓದಿ, ದೊರೆಗೆ ಕಷ್ಟವಾಗಬಹುದಾದ ಪದಗಳನ್ನು ತೆಗೆದು ಬೇರೆ ಪದ ಹಾಕುತ್ತಿದ್ದರು. 1939ರ ಸೆಪ್ಟೆಂಬರ್ 3ರಂದು ಯುದ್ಧ ಆರಂಭವಾದಾಗ ದೊರೆ ರೇಡಿಯೊದಲ್ಲಿ ಮಾತನಾಡಿದರಲ್ಲ, ಆಗಲೂ ಲೋಗ್ ದೊರೆಯಿದ್ದ ಕೊಠಡಿಯಲ್ಲೇ ನಿಂತಿದ್ದರು. ಮೊದಲ ಭೇಟಿಯಾಗಿ ಆಗಲೇ ಸುಮಾರು ಹದಿಮೂರು ವರ್ಷ ಕಳೆದಿತ್ತು. ಆ ಭಾಷಣದ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಪದಗಳ ನಡುವಿನ ದೀರ್ಘ ಮೌನಗಳನ್ನು ಕೇಳಿಸಿಕೊಳ್ಳಿ. ಉಗ್ಗು ಹೋಗಿರಲಿಲ್ಲ, ಭಾಷಣ ನಿಲ್ಲಲಿಲ್ಲ.

ಒಬ್ಬ ದೊರೆಗೆ, ಸಾಮ್ರಾಜ್ಯವೇ ಕಿವಿಗೊಟ್ಟಿದ್ದ ಗಳಿಗೆಯಲ್ಲಿ, ಪದ ಬದಲಿಸಿ ಕೊಟ್ಟದ್ದನ್ನು ನಾನು ಆಕ್ಷೇಪಿಸುವುದಿಲ್ಲ. ನಿಮಗೆ ಅದೇ ಉಪಾಯ ಹೇಳಿಕೊಟ್ಟರೆ ಮಾತ್ರ ಖಂಡಿತ ಆಕ್ಷೇಪಿಸುತ್ತೇನೆ. ದೊರೆಗೆ ಲೋಗ್ ಪಕ್ಕದಲ್ಲಿ ನಿಲ್ಲುತ್ತಿದ್ದರು. ಶಿವಮೊಗ್ಗದ ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲಿ ಮೇಡಂ ಕೂರುವುದಿಲ್ಲ. ಚಿಕಿತ್ಸಕರಿಲ್ಲದೆ ನಿಭಾಯಿಸುವಂತೆ ಮಾಡುವುದೇ ಚಿಕಿತ್ಸಕರ ಕೆಲಸ. ಅವರ ಎದುರು ಮಾತ್ರ ಸರಾಗವಾಗಿ ಮಾತನಾಡಬಲ್ಲೆ ಎಂಬ ಸ್ಥಿತಿ ಎಷ್ಟೇ ಹಿತವಾಗಿದ್ದರೂ ಅದು ಅವಲಂಬನೆ.

ಈಗ ಮಾಡಬೇಕಾದದ್ದು. ಮುಂದಿನ ಭೇಟಿಯಲ್ಲಿ ಅಭ್ಯಾಸ ಶುರುವಾಗುವ ಮೊದಲೇ ಹೇಳಿ. ಕೊನೆಯ ಐದು ನಿಮಿಷಕ್ಕೆ ಉಳಿಸಿಕೊಂಡರೆ ಬ್ಯಾಗು ಎತ್ತಿಕೊಳ್ಳುವ ಗಡಿಬಿಡಿಯಲ್ಲಿ ಅದು ಹಾರಿಹೋಗುತ್ತದೆ. “ಮೇಡಂ, ಇಲ್ಲಿ ಚೆನ್ನಾಗಿ ಮಾತನಾಡುತ್ತೇನೆ, ಹೊರಗೆ ಆಗುತ್ತಿಲ್ಲ. ಊರಿನ ಹೆಸರು ಹೇಳಲಾಗದೆ ಬೇರೆ ಊರಿಗೆ ಟಿಕೆಟ್ ತೆಗೆದುಕೊಳ್ಳುತ್ತೇನೆ. ನಿಮಗೆ ಬೇಸರವಾದೀತು ಎಂದು ಇಷ್ಟು ದಿನ ಹೇಳಿರಲಿಲ್ಲ.” ಇಷ್ಟು ಸಾಕು. ಇದನ್ನು ಹೇಳುವಾಗ ಕಲಿತ ತಂತ್ರ ಯಾವುದನ್ನೂ ಬಳಸಬೇಡಿ. ಉಗ್ಗು ಬಂದರೆ ಬರಲಿ, ಅವರೂ ನೋಡಲಿ. ಕನ್ನಡದಲ್ಲಿಯೇ ಹೇಳಿ. ನಿಮ್ಮ ಅಭ್ಯಾಸಗಳೆಲ್ಲ ಇಂಗ್ಲಿಷ್ ಪಾಠದ ಗದ್ಯ ಓದುವುದರಲ್ಲೇ ಮುಗಿಯುತ್ತಿದ್ದರೆ ಅದನ್ನೂ ಪ್ರಸ್ತಾಪಿಸಿ. ಮಾತು ತಡೆಯುವುದು ಯಾವ ಭಾಷೆಯಲ್ಲಿ, ಯಾರ ಜೊತೆಯಲ್ಲಿ ಎಂಬುದನ್ನು ನೋಡಿ ಅಭ್ಯಾಸವೂ ಅಲ್ಲಿಗೇ ಹೋಗಬೇಕು. ಎದುರಿಗೆ ಹೇಳಲು ಸಾಧ್ಯವೇ ಇಲ್ಲ ಎನ್ನಿಸಿದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಅವರೆದುರೇ ಗಟ್ಟಿಯಾಗಿ ಓದಿ. ವಾಟ್ಸ್‌ಆ್ಯಪ್ ಸಂದೇಶ ಕಳಿಸಿ ತಪ್ಪಿಸಿಕೊಳ್ಳಬೇಡಿ, ಅದೂ ಬೀರೂರಿನ ಟಿಕೆಟ್ಟೇ.

ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎನ್ನುವುದರಲ್ಲಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವಿದೆ. “ಮನೆಯಲ್ಲಿ ಸರಿಯಾಗಿ ಅಭ್ಯಾಸ ಮಾಡುತ್ತಿಲ್ಲ, ಅದಕ್ಕೇ ಹೀಗೆ” ಎಂದು ನಿಮ್ಮ ಮೇಲೆಯೇ ಹೊರಿಸಿದರೆ, ಅಥವಾ “ಎಲ್ಲ ಸರಿಹೋಗುತ್ತದೆ ಬಿಡಿ” ಎಂದು ಹಳೆಯ ಪಾಠವನ್ನೇ ತೆರೆದರೆ, ಎಚ್ಚರ. ಪೆನ್ನು ಕೆಳಗಿಟ್ಟು “ಬಸ್ಸಿನಲ್ಲಿ ಸರಿಯಾಗಿ ಏನಾಗುತ್ತದೆ, ಮೊದಲಿನಿಂದ ಹೇಳಿ” ಎಂದರೆ ನೀವು ಸರಿಯಾದ ಜಾಗದಲ್ಲೇ ಇದ್ದೀರಿ. ಹೆಚ್ಚಿನ ಚಿಕಿತ್ಸಕರು ಹೀಗೆ ಕೇಳುವವರೇ. ನನ್ನನ್ನು ಕೇಳಿದರೆ, ಇಂತಹ ಮಾತು ಕೇಳಿದ ದಿನ ನಮಗೆ ಬೇಸರವಾಗುವುದಿಲ್ಲ, ಅಬ್ಬಾ ಕೊನೆಗೂ ಕೆಲಸ ಸಿಕ್ಕಿತಲ್ಲ ಎನ್ನಿಸುತ್ತದೆ.

ಕೆಲಸ ಹೇಗಿರುತ್ತದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಮೇಜಿನ ಮೇಲೆ ಫೋನ್ ಇಟ್ಟು, ಸ್ಪೀಕರ್ ಹಾಕಿ, ಯಾವುದೋ ಔಷಧಿ ಅಂಗಡಿಗೆ ಕರೆ ಮಾಡುತ್ತೇವೆ. ಮೊದಲ ಕರೆ ಥೆರಪಿಸ್ಟ್ ಮಾಡಬೇಕು, ಅದೂ ಬೇಕೆಂದೇ ಉಗ್ಗಿ. “ನಿಮ್ಮಲ್ಲಿ ಕ… ಕ… ಕ… ಕ್ರೋಸಿನ್ ಇದೆಯೇ?” ಆ ಕಡೆಯಿಂದ ಕ್ಷಣಕಾಲ ಮೌನ. ಪಕ್ಕದಲ್ಲಿ ಕೂತವರ ಬೆವರು ಕಿತ್ತು ಬರುವುದು ಈ ಮೌನದಲ್ಲೇ. ಉಗ್ಗುತ್ತಿರುವುದು ಬೇರೆಯವರಾದರೂ ಅವರ ಕೈ ತಾನಾಗಿ ಕುರ್ಚಿಯ ತೋಳನ್ನು ಬಿಗಿಹಿಡಿದಿರುತ್ತದೆ. ಆಮೇಲೆ ಅಂಗಡಿಯವರು “ಇದೆ, ಎಷ್ಟು ಬೇಕು?” ಎನ್ನುತ್ತಾರೆ. ಅಷ್ಟೇ. ಎರಡನೆಯ ಕರೆ ನಿಮ್ಮದು. ಎಲ್ಲರೂ ಇಷ್ಟು ಸಭ್ಯರಾಗಿರುವುದಿಲ್ಲ. ಕೆಲವರು ನಗುತ್ತಾರೆ, ನೆಟ್‌ವರ್ಕ್ ಸರಿಯಿಲ್ಲವೆಂದು ಫೋನ್ ಇಡುವವರೂ ಇದ್ದಾರೆ. ಹಾಗಾದಾಗ ಪಕ್ಕದಲ್ಲಿ ಒಬ್ಬರಿರುತ್ತಾರೆ, ಏನಾಯಿತೆಂದು ಮಾತನಾಡಿ ಇನ್ನೊಂದು ಅಂಗಡಿಗೆ ಕರೆ ಮಾಡಬಹುದು. ಕರೆಗಳಾದ ಮೇಲೆ ಬೀದಿಗೆ ಇಳಿಯುವುದು: ಹೋಟೆಲಿನ ಕೌಂಟರ್, ಮೆಜೆಸ್ಟಿಕ್ ಬಸ್ ನಿಲ್ದಾಣದ ವಿಚಾರಣಾ ಕಿಟಕಿ. ಬೇಕೆಂದೇ ಉಗ್ಗುವುದು ಕೇಳಲು ವಿಚಿತ್ರ. ಆದರೆ ಯಾವುದನ್ನು ಅಡಗಿಸಲು ಇಷ್ಟು ವರ್ಷ ಹೆಣಗಿದಿರೋ ಅದನ್ನು ನೀವೇ ಹೊರಗೆ ಹಾಕಿದಾಗ ಭಯದ ಹಿಡಿತ ಸಡಿಲುತ್ತದೆ. ಇದು ದಶಕಗಳಿಂದ ಬಳಕೆಯಲ್ಲಿರುವ ವಿಧಾನ. ಥೆರಪಿಸ್ಟ್ ತಾವು ಮಾಡದೆ ನಿಮಗೆ ಮಾತ್ರ ಮಾಡಲು ಹೇಳಿದರೆ ಅದರ ಅರ್ಧ ಬಲ ಹೋಯಿತು. “ಮೊದಲು ನೀವು ಮಾಡಿ ತೋರಿಸಿ” ಎಂದು ಕೇಳುವ ಹಕ್ಕು ನಿಮಗಿದೆ.

ಅಮ್ಮನ ಆಸೆಯ ವಿಷಯಕ್ಕೆ ಬಂದರೆ, ಅದನ್ನು ಚಿಕಿತ್ಸೆಯ ಗಡುವು ಮಾಡಿಕೊಳ್ಳಬೇಡಿ. ಚಿಕ್ಕಂದಿನಲ್ಲಿ ಉಗ್ಗುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ, ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ, ಅದು ಹೊರಟುಹೋಗುತ್ತದೆ. ಉಳಿದವರಲ್ಲಿ ದೊಡ್ಡವರಾದ ಮೇಲೂ ಇರುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರು, ಹೆಣ್ಣುಮಕ್ಕಳಿಗಿಂತ ಗಂಡಸರೇ ಹೆಚ್ಚು. 27ನೆಯ ವಯಸ್ಸಿನಲ್ಲಿ ಚಿಕಿತ್ಸೆಯಿಂದ ಮಾತು ಹಗುರವಾಗುತ್ತದೆ, ಭಯ ಇಳಿಯುತ್ತದೆ, ತಪ್ಪಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಬೇರುಸಹಿತ ಹೋಗುತ್ತದೆ ಎಂದು ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ಚೆನ್ನಾಗಿ ಮಾತನಾಡುತ್ತಿದ್ದವರಿಗೆ ಮಧ್ಯೆ ಮತ್ತೆ ಹೆಚ್ಚಾಗುವುದೂ ಉಂಟು, ಅದು ಸೋಲಲ್ಲ. ಅಮ್ಮ ನಿಮ್ಮ ನಾಲಿಗೆಗೆ ಬಜೆ ತೇಯ್ದು ಹಚ್ಚಿದ ಕಾಲದಿಂದ ಕಾಯುತ್ತಿದ್ದಾರೋ ಏನೋ. ಇದನ್ನು ನೀವೊಬ್ಬರೇ ಅವರಿಗೆ ಹೇಳುವುದು ಕಷ್ಟ. ನೀವು ಒಪ್ಪಿದರೆ ಮೇಡಂ ಒಮ್ಮೆ ಅವರನ್ನು ಕರೆಸಿ ಮಾತನಾಡಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ಕೊಠಡಿಯ ವಿಷಯ ಮನೆಯವರ ಕಿವಿಗೆ ಹೋಗಕೂಡದು. ಫೀಸು ಕೊಡುತ್ತಿರುವುದು ಅಪ್ಪನೇ ಆಗಿದ್ದರೂ ಸರಿ.

ಹೆಣ್ಣು ನೋಡಲು ಹೋದ ಮನೆಯಲ್ಲಿ ಕಾಫಿ ಬರುವ ಮೊದಲೇ “ನನಗೆ ಉಗ್ಗು ಇದೆ, ಮಾತು ಮುಗಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ” ಎಂದು ನೀವೇ ಹೇಳಿಬಿಡುವುದನ್ನು ಮೇಡಂ ಜೊತೆ ಅಭ್ಯಾಸ ಮಾಡಿ. ಅವರು ಹುಡುಗಿಯ ಅಪ್ಪನ ಪಾತ್ರ ಮಾಡಲಿ, ಅಡ್ಡಪ್ರಶ್ನೆ ಹಾಕಲಿ. ಮುಚ್ಚಿಡುವ ಹೊರೆ ಇಳಿದರೆ ಉಗ್ಗು ತಾನಾಗಿಯೇ ತುಸು ಸಡಿಲುವುದನ್ನು ನಾವು ಬಹಳ ಸಲ ಕಂಡಿದ್ದೇವೆ.

ಇಷ್ಟಾದ ಮೇಲೂ ಬದಲಾಯಿಸಬೇಕೆನ್ನಿಸಿದರೆ ಬದಲಾಯಿಸಿ. ನಿಮ್ಮ ವಾಕ್ಯವನ್ನು ಅವರೇ ಪೂರ್ತಿ ಮಾಡುವ ಚಾಳಿ ಇದ್ದರೆ, ಕೇಳದೆ ವಿಡಿಯೊ ಮಾಡಿಕೊಂಡರೆ, ಇಷ್ಟು ದಿನದಲ್ಲಿ ಗ್ಯಾರಂಟಿ ಎಂದು ಮುಂಗಡ ಹಣ ಕೇಳಿದರೆ, ನಾನು ಹೇಳಿದ ಮಾತುಕತೆಗೂ ಕಾಯಬೇಡಿ. ಹೊಸಬರ ಬಳಿ ಹೋಗುವಾಗ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಅರ್ಹ ವಾಕ್ ಚಿಕಿತ್ಸಕರಿಗೆ ಅದು ಇರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಂತಹ ಬೋಧನಾ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಡುವುದೂ ಉಂಟು, ಆಗಾಗ ಬದಲಾಗುವುದೂ ಉಂಟು. ಒಬ್ಬರ ಜೊತೆ ಕುದುರಿದ ಸಲಿಗೆಯನ್ನು ಇನ್ನೊಬ್ಬರ ಜೊತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಹಾಗಾದಾಗ ಹಳಬರು ಮತ್ತು ಹೊಸಬರು ಇಬ್ಬರೂ ಕೂತಿರುವಾಗ ಒಂದು ಭೇಟಿ ನಡೆಯಲಿ ಎಂದು ಕೇಳಿ. ಇದಲ್ಲದೆ ಉಗ್ಗುವವರೇ 2008ರಲ್ಲಿ ಕಟ್ಟಿಕೊಂಡ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಇದೆ. ಅದರ ಸ್ವಸಹಾಯ ಗುಂಪುಗಳಲ್ಲಿ ಚಿಕಿತ್ಸಕರಿರುವುದಿಲ್ಲ, ಮೆಚ್ಚಿಸಬೇಕಾದವರೂ ಇರುವುದಿಲ್ಲ. ಥೆರಪಿಯ ಜೊತೆಜೊತೆಗೇ ಅಲ್ಲಿಗೂ ಹೋಗಿಬರಬಹುದು.

ಯಾರ ಬಳಿ ಹೋದರೂ ಈಗಿನ ಮೇಡಂ ಬಳಿಯಿಂದ ಒಂದು ವರದಿ ಬರೆಸಿಕೊಳ್ಳಿ: ಯಾವ ತಂತ್ರ ಕಲಿಸಿದರು, ಯಾವುದು ನಿಮಗೆ ಒಗ್ಗಿತು, ಯಾವುದು ಒಗ್ಗಲಿಲ್ಲ. ಹೇಳದೆ ಕೇಳದೆ ನಿಲ್ಲಿಸಿದರೆ ಈ ಏಳು ತಿಂಗಳ ಕೆಲಸ ಅವರ ಫೈಲಿನಲ್ಲೇ ಉಳಿಯುತ್ತದೆ, ಹೊಸಬರು ಮತ್ತೆ ಉಸಿರಾಟದ ಪಾಠದಿಂದ ಶುರುಮಾಡುತ್ತಾರೆ.